ಬಲೆಯ ಶೆಡ್ಡು ಗ್ಯಾಲರಿಯಾಗುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನೀನಿರುವ ಕಡಲೂರಿನಲ್ಲಿ ಬಲೆ ಇಡುತ್ತಿದ್ದ ಹಳೆಯ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದು ಗ್ಯಾಲರಿ ಮಾಡಬೇಕೆಂದಿರುವ ಸುದ್ದಿ ಓದಿ ಬಹಳ ಸಂತೋಷವಾಯಿತು. ಗೋಡೆಗೆ ಯಾವ ಬಣ್ಣ, ಮೊದಲ ಪ್ರದರ್ಶನದಲ್ಲಿ ಯಾರ ಚಿತ್ರಗಳು, ಉದ್ಘಾಟನೆಗೆ ಯಾರನ್ನು ಕರೆಯುವುದು ಎಂದೆಲ್ಲ ಕೇಳಿದ್ದೀಯ. ನಿನ್ನಂತೆಯೇ ಯೋಚಿಸುತ್ತಿರುವವರು ಇನ್ನೂ ಹಲವರಿರುವುದರಿಂದ, ನೀನು ಬೇಡವೆನ್ನಲಾರೆ ಎಂಬ ಸಲಿಗೆಯಲ್ಲಿ, ಈ ಪತ್ರವನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ.

ಕಡಲ ದಡದ ಸಣ್ಣ ಊರು ಕಲಾವಿದರ ಊರಾಗುವುದು ಹೇಗೆಂದು ನೋಡಲು ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿರುವ ಸೇಂಟ್ ಐವ್ಸ್‌ನ ಕಥೆಯೊಂದೇ ಸಾಕು. 1877ರಲ್ಲಿ ಅಲ್ಲಿಗೆ ರೈಲು ಬಂತು. ಊರಿನ ಜೀವಾಳವಾಗಿದ್ದ ಪಿಲ್ಚರ್ಡ್ ಮೀನಿನ ಕಸುಬು ಇಳಿಮುಖವಾಗಿ, ಹಾಯಿ ಹೊಲಿಯುವ ಮತ್ತು ಬಲೆ ಇಡುವ ಅಟ್ಟಗಳು ಒಂದೊಂದಾಗಿ ಖಾಲಿಯಾದಾಗ, ಒಳ್ಳೆಯ ಬೆಳಕನ್ನೂ ಕೈಗೆಟುಕುವ ಬಾಡಿಗೆಯನ್ನೂ ಹುಡುಕಿಕೊಂಡು ಬಂದ ಚಿತ್ರಕಾರರು ಅವುಗಳನ್ನು ಸ್ಟುಡಿಯೋ ಮಾಡಿಕೊಂಡರು. 1920ರಲ್ಲಿ ಬರ್ನಾರ್ಡ್ ಲೀಚ್ ಮತ್ತು ಜಪಾನಿನ ಶೋಜಿ ಹಮಾದ ಅಲ್ಲಿ ಕುಂಬಾರಿಕೆ ಆರಂಭಿಸಿದರು. 1939ರಲ್ಲಿ ಶಿಲ್ಪಿ ಬಾರ್ಬರಾ ಹೆಪ್‌ವರ್ತ್ ಬಂದು ನೆಲೆಸಿದರು. 1993ರಲ್ಲಿ ಕಡಲಿಗೆ ಮುಖಮಾಡಿ ಲಂಡನ್ನಿನ ಹೆಸರಾಂತ ಟೇಟ್ ಗ್ಯಾಲರಿಯ ಶಾಖೆಯೇ ತೆರೆಯಿತು. ಇವೆಲ್ಲ ನಿನಗೂ ಗೊತ್ತಿರುವ ಸಂಗತಿಗಳು. ನನ್ನನ್ನು ಈಚೆಗೆ ಹಿಡಿದು ನಿಲ್ಲಿಸಿರುವುದು ಇವರಾರೂ ಅಲ್ಲ, ಆಲ್‌ಫ್ರೆಡ್ ವಾಲಿಸ್ ಎಂಬ ಮುದುಕ.

ವಾಲಿಸ್ ಮೀನು ಹಿಡಿಯುತ್ತಿದ್ದವನು. ಆಮೇಲೆ ಹಳೆಯ ಹಗ್ಗ, ಹಾಯಿ, ಕಬ್ಬಿಣ ಕೊಂಡು ಮಾರುತ್ತಿದ್ದವನು. 1922ರಲ್ಲಿ ಹೆಂಡತಿ ತೀರಿಕೊಂಡ ಮೇಲೆ, ಎಪ್ಪತ್ತರ ಆಸುಪಾಸಿನಲ್ಲಿ, ಯಾರಿಂದಲೂ ಕಲಿಯದೆ ಚಿತ್ರ ಬರೆಯತೊಡಗಿದ. ಕ್ಯಾನ್ವಾಸ್ ಇರಲಿಲ್ಲ, ಕೈಗೆ ಸಿಕ್ಕ ರಟ್ಟಿನ ತುಂಡುಗಳಿದ್ದವು. ಆ ತುಂಡು ಓರೆಯಾಗಿ ಹರಿದಿದ್ದರೆ ಅದನ್ನು ಕತ್ತರಿಸಿ ಸರಿಮಾಡುತ್ತಿರಲಿಲ್ಲ, ಆ ಓರೆಗೇ ಹೊಂದುವಂತೆ ಅಲೆಯನ್ನೋ ದಡವನ್ನೋ ಕೂರಿಸುತ್ತಿದ್ದ. ಬಣ್ಣವೂ ದೋಣಿಗೆ ಬಳಿಯುವಂಥ ಬಣ್ಣವೇ. ಯಾವುದು ದೂರ, ಯಾವುದು ಹತ್ತಿರ ಎಂಬ ಲೆಕ್ಕ ಅವನಿಗೆ ಬೇಕಿರಲಿಲ್ಲ. ಮುಖ್ಯವಾದ ಹಡಗು ದೊಡ್ಡದು, ಮನೆಗಳು ಸಣ್ಣವು. 1928ರಲ್ಲಿ ಬೆನ್ ನಿಕಲ್ಸನ್ ಮತ್ತು ಕ್ರಿಸ್ಟೊಫರ್ ವುಡ್ ಎಂಬ ಕಲಾವಿದರು ಬೀದಿಯಲ್ಲಿ ಹೋಗುತ್ತಿದ್ದಾಗ, ತೆರೆದಿದ್ದ ಬಾಗಿಲಿನಿಂದ ಅವನ ಗೋಡೆಯ ತುಂಬ ಮೊಳೆ ಹೊಡೆದಿದ್ದ ಈ ಚಿತ್ರಗಳನ್ನು ಕಂಡರು. ಆ ಬಳಿಕ ಹೊಸ ಕಾಲದ ಇಂಗ್ಲಿಷ್ ಚಿತ್ರಕಲೆ ಆ ಮುದುಕನಿಂದ ಕಲಿತದ್ದು ಸಣ್ಣದಲ್ಲ. ಆದರೆ ಅವನು 1942ರಲ್ಲಿ ಸತ್ತದ್ದು ಮ್ಯಾಡ್ರನ್ ಎಂಬಲ್ಲಿನ ಬಡವರ ಆಶ್ರಯದ ಮನೆಯಲ್ಲಿ. ಅವನ ಸಮಾಧಿಯ ಮೇಲೆ ಲೀಚ್ ಮಾಡಿದ ಸುಂದರವಾದ ಹೆಂಚುಗಳಿವೆ. ಸಮಾಧಿಗೆ ದೊರೆತ ಈ ಆದರದಲ್ಲಿ ಸ್ವಲ್ಪವಾದರೂ ಅವನು ಬದುಕಿದ್ದಾಗ ಅವನ ಮನೆಯ ಬಾಡಿಗೆಗೆ, ಸೌದೆಗೆ ಸಂದಿದ್ದರೆ ಚೆನ್ನಾಗಿತ್ತಲ್ಲವೇ?

ನನ್ನ ಕಳವಳ ಇದೇ. ಕಡಲೂರಿನ ಗ್ಯಾಲರಿಗಳ ಗೋಡೆಯ ತುಂಬ ಕಡಲಿರುತ್ತದೆ, ದೋಣಿಗಳಿರುತ್ತವೆ; ದೋಣಿಯಿಂದ ಇಳಿದು ಬಂದವರು ಮಾತ್ರ ಆ ಕೋಣೆಯಲ್ಲಿರುವುದಿಲ್ಲ, ಚಿತ್ರ ಬರೆದವರಾಗಿಯೂ ಇಲ್ಲ, ನೋಡುವವರಾಗಿಯೂ ಇಲ್ಲ. ಊರಿನವನೇ ಆದ ಕಲಾವಿದನಿಗೂ ಕೆಲವೊಮ್ಮೆ ಜಾಗ ಉಳಿಯುವುದಿಲ್ಲ. 1949ರಲ್ಲಿ ಸೇಂಟ್ ಐವ್ಸ್‌ನಲ್ಲಿ ಹುಟ್ಟಿದ ಪೆನ್‌ವಿತ್ ಸೊಸೈಟಿ ಎಂಬ ಕಲಾವಿದರ ಸಂಘ ತನ್ನ ಸದಸ್ಯರನ್ನು ಎ, ಬಿ, ಸಿ ಎಂದು ಮೂರು ಪಂಗಡ ಮಾಡಿತು: ಸಂಪ್ರದಾಯದವರು, ಹೊಸಬಗೆಯವರು, ಕರಕುಶಲದವರು. ಇದನ್ನು ಒಪ್ಪದೆ 1950ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದವರಲ್ಲಿ ಪೀಟರ್ ಲ್ಯಾನ್ಯನ್ ಒಬ್ಬ. ಆ ಊರಿನಲ್ಲೇ ಹುಟ್ಟಿ ಬೆಳೆದವನು. ಬೆರಳೆಣಿಕೆಯ ಜನರಿರುವ ಊರಿನಲ್ಲಿ ಪಂಗಡ ಮಾಡಿದರೆ ಮುನಿಸಿಕೊಂಡವರು ಬೆಳಗಾದರೆ ಅದೇ ಬೀದಿಯಲ್ಲಿ ಎದುರಾಗುತ್ತಾರೆ, ನೆನಪಿಡು.

ಮನೆಯ ಮಾತೂ ಇದೆ. ಊರಿಗೆ ಹೆಸರು ಬಂದಂತೆ ರಜೆಗೆ ಬಂದು ಹೋಗುವವರು ಮನೆ ಕೊಳ್ಳುತ್ತಾರೆ, ಊರಿನ ಮಕ್ಕಳಿಗೆ ಮನೆ ಸಿಗದಂತಾಗುತ್ತದೆ. ಸೇಂಟ್ ಐವ್ಸ್‌ನಲ್ಲಿ 2016ರಲ್ಲಿ ಜನಮತ ನಡೆದು, ಹೊಸದಾಗಿ ಕಟ್ಟುವ ಮನೆಗಳು ಅಲ್ಲಿಯೇ ಖಾಯಂ ವಾಸಿಸುವವರಿಗಷ್ಟೇ ಎಂಬ ನಿಯಮಕ್ಕೆ ಮತ ಹಾಕಿದವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಒಪ್ಪಿಗೆ ಕೊಟ್ಟರು. ಇದಕ್ಕೆಲ್ಲ ಕಲಾವಿದರೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ಊರನ್ನು ಅಷ್ಟು ಚೆಲುವಾಗಿ ತೋರಿಸಿಕೊಟ್ಟದ್ದರಲ್ಲಿ ನಮ್ಮವರ ಪಾಲೂ ಇದೆ. ಚೆನ್ನೈ ಬಳಿಯ ಚೋಳಮಂಡಲ ಕಲಾಗ್ರಾಮದ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. 1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಅವರ ಮುಂದಾಳತ್ವದಲ್ಲಿ ಕಲಾವಿದರು ಬಾಟಿಕ್ ಮುಂತಾದ ಕೈಕೆಲಸಗಳನ್ನು ಮಾರಿ ಬಂದ ಹಣದಿಂದ ತಾವೇ ಕಡಲ ದಡದ ಜಾಗ ಕೊಂಡರು. ಕಾಲ ಕೆಳಗಿನ ನೆಲ ತಮ್ಮದಾದ್ದರಿಂದ ನೆಮ್ಮದಿಯಾಗಿ ಚಿತ್ರ ಬರೆದರು. ಶೆಡ್ಡಿನ ಬಾಡಿಗೆ ಕರಾರನ್ನು ದೀರ್ಘಕಾಲಕ್ಕೆ ಬರೆಸಿಕೋ. ಗೋಡೆಯ ಬಣ್ಣಕ್ಕಿಂತ ಅದು ಮುಖ್ಯ.

ಇಷ್ಟಕ್ಕೆ ನಿಲ್ಲಿಸಬೇಕೆಂದಿದ್ದೆ. ಆದರೆ ವಾಲಿಸ್ ತಾನು ಚಿತ್ರ ಬರೆಯುವುದು ಜೊತೆಗಾಗಿ ಎಂದು ಹೇಳುತ್ತಿದ್ದನಂತೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನೆಯಲ್ಲಿ ನಾನೊಬ್ಬನೇ ಉಳಿದ ಮೇಲೆ ಸಂಜೆಯ ಹೊತ್ತು ನಾನೂ ಬಣ್ಣದ ಡಬ್ಬಿ ತೆರೆದು ಕೂರುತ್ತೇನೆ ಎಂಬುದನ್ನು ನಿನಗೂ ಹೇಳಿರಲಿಲ್ಲ. ಬರೆದದ್ದನ್ನು ಗೋಡೆಗೆ ಒರಗಿಸಿ ಅದರೊಂದಿಗೆ ಮಾತಾಡುತ್ತೇನೆ, ಕೋಣೆ ತುಂಬಿದಂತಿರುತ್ತದೆ. ನಿನ್ನ ಗ್ಯಾಲರಿಯ ಬಗ್ಗೆ ನಾನು ಇಷ್ಟು ಹಟ ಹಿಡಿಯುತ್ತಿರುವುದಕ್ಕೆ ಇದೂ ಕಾರಣವಿರಬಹುದು. ಚಿತ್ರ ಕೊಳ್ಳುವವರು ಸಿಗುತ್ತಾರೆ. ಬರೆದವನ ಪಕ್ಕದಲ್ಲಿ ಬಂದು ಕೂರುವವರು ಸಿಗಬೇಕು. ಇರಲಿ, ಇಷ್ಟು ಜನರ ಮುಂದೆ ಈ ಮಾತು ಬೆಳೆಸುವುದು ಬೇಡ, ಸಿಕ್ಕಾಗ ಹೇಳುತ್ತೇನೆ.

ಉದ್ಘಾಟನೆಯನ್ನು ಪ್ರವಾಸಿಗರು ಸೇರುವ ದಿನದ ಬದಲು ದೋಣಿಗಳು ದಡದಲ್ಲಿರುವ ದಿನಕ್ಕೆ ಇಡು. ಒಂದು ಗೋಡೆಯನ್ನು ಊರಿನವರಿಗೆಂದೇ ಬಿಡು. ರಟ್ಟಿನ ಮೇಲೆ ಬರೆದು ತಂದರೂ ಫ್ರೇಮು ಕೇಳಬೇಡ. ಮಾರಾಟದ ಬೆಲೆಯಲ್ಲಿ ಅರ್ಧದವರೆಗೂ ಕಮಿಷನ್ ಹಿಡಿಯುವ ಗ್ಯಾಲರಿಗಳುಂಟು. ಆ ಗೋಡೆಯ ಚಿತ್ರಗಳಿಗೆ ನೀನು ಏನನ್ನೂ ಹಿಡಿಯಬೇಡ. ಚಿತ್ರ ತೂಗುಹಾಕಲು ಎರಡು ದಿನ ಮುಂಚೆಯೇ ಬರುತ್ತೇನೆ. ಏಣಿ ಯಾರು ಹತ್ತಬೇಕು, ಯಾರು ಹಿಡಿಯಬೇಕು ಎಂಬುದನ್ನು ಈ ಸಲ ನಾನೇ ನಿರ್ಧರಿಸುತ್ತೇನೆ, ಅದರಲ್ಲಿ ಚರ್ಚೆಯಿಲ್ಲ.

ನಿನ್ನ,
ಹಳೆಯ ಗೆಳೆಯ