ಕೇಳಿದ್ದೊಂದು, ಕಳಿಸಿದ್ದೊಂದು: ಜಾಝ್ ರೆಕಾರ್ಡುಗಳ ಬಗ್ಗೆ ದೂರು

ಇವರಿಗೆ,
ಮಾಲೀಕರು ಮತ್ತು ಗ್ರಾಹಕ ಸೇವಾ ವಿಭಾಗ,
ಬೆಂಗಳೂರು

ವಿಷಯ: ಪುಟದಲ್ಲಿ ಹೇಳಿದ್ದನ್ನು ಬಿಟ್ಟು ಬೇರೆ ರೆಕಾರ್ಡ್ ಕಳಿಸಿದ್ದು, ಇನ್ನೊಂದು ಹಾಳಾಗಿ ಬಂದದ್ದು, ಎರಡಕ್ಕೂ ಹಣ ವಾಪಸ್ ನಿರಾಕರಿಸಿದ್ದು

ನಮಸ್ಕಾರ.

ನಿಮ್ಮ ವೆಬ್‌ಸೈಟಿನಿಂದ ಕಳೆದ ತಿಂಗಳು ಮೂರು ಜಾಝ್ ವಿನೈಲ್ ರೆಕಾರ್ಡ್ ತರಿಸಿಕೊಂಡೆ. ಪಿಯಾನೋ ವಾದಕ ಬಿಲ್ ಎವನ್ಸ್ ಅವರ ಮೂವರ ತಂಡದ 'ವಾಲ್ಟ್ಸ್ ಫಾರ್ ಡೆಬ್ಬಿ', ಆರ್ಟ್ ಬ್ಲೇಕಿ ತಂಡದ 'ಮೋನಿನ್', ಕ್ಯಾನನ್‌ಬಾಲ್ ಆಡರ್ಲಿಯ 'ಸಮ್‌ಥಿಂಗ್ ಎಲ್ಸ್'. ಇವುಗಳಲ್ಲಿ ಮೊದಲನೆಯದು ನಾನು ದುಡ್ಡು ಕೊಟ್ಟ ರೆಕಾರ್ಡೇ ಅಲ್ಲ. ಎರಡನೆಯದು ಬಗ್ಗಿ, ಜಾಕೆಟ್ (ರೆಕಾರ್ಡಿನ ರಟ್ಟಿನ ಹೊದಿಕೆ) ಹರಿದು ಬಂತು. ಮೂರನೆಯದು ಮಾತ್ರ ಸರಿಯಾಗಿದೆ. ಫೋನು, ಇಮೇಲು ಎರಡರಲ್ಲೂ ನಿಮ್ಮವರು ಕೊಟ್ಟ ಉತ್ತರ ಒಂದೇ: 'ಸೀಲ್ ಒಡೆದಿದ್ದೀರಿ, ವಾಪಸ್ ತಗೊಳ್ಳೋಕಾಗಲ್ಲ.' ಅದಕ್ಕೇ ಈ ಪತ್ರ.

ಮೊದಲು 'ವಾಲ್ಟ್ಸ್ ಫಾರ್ ಡೆಬ್ಬಿ' ವಿಷಯ. ನಿಮ್ಮ ಪುಟದಲ್ಲಿ ಹೀಗಿತ್ತು: ಮೂಲ ಮಾಸ್ಟರ್ ಟೇಪಿನಿಂದ ತಯಾರಾದ ಪೂರ್ತಿ ಅನಲಾಗ್ ರೆಕಾರ್ಡ್, ಮಾಸ್ಟರಿಂಗ್ ಕೆವಿನ್ ಗ್ರೇ ಅವರದ್ದು, 180 ಗ್ರಾಂ, ಬೆಲೆ 4,800 ರೂಪಾಯಿ. ಅಂದರೆ ನಡುವೆ ಡಿಜಿಟಲ್ ಹಂತ ಇಲ್ಲದೆ ಮೂಲ ಟೇಪಿನಿಂದಲೇ ತಯಾರಾದದ್ದು, ಟೇಪಿನ ಧ್ವನಿಯನ್ನು ಹದಮಾಡಿ ರೆಕಾರ್ಡಿಗೆ ಇಳಿಸುವ ಕೆಲಸ (ಅದೇ ಮಾಸ್ಟರಿಂಗ್) ಎಂಜಿನಿಯರ್ ಕೆವಿನ್ ಗ್ರೇ ಮಾಡಿದ್ದು. ಚಿತ್ರದಲ್ಲಿ ತೋರಿಸಿದ್ದೂ 'ಒರಿಜಿನಲ್ ಜಾಝ್ ಕ್ಲಾಸಿಕ್ಸ್' ಮಾಲೆಯ ಜಾಕೆಟ್. ಆ ಪುಟದ ಚಿತ್ರ ತೆಗೆದು ಇಟ್ಟುಕೊಂಡಿದ್ದೇನೆ, ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಈ ರೆಕಾರ್ಡನ್ನು ಮೊದಲು ತಂದ ರಿವರ್‌ಸೈಡ್ ಲೇಬಲ್ಲಿನ, ಅಂದರೆ ರೆಕಾರ್ಡ್ ಕಂಪನಿಯ, ಹಳೆಯ ಟೇಪುಗಳು ಈಗ ಕಾಂಕರ್ಡ್ ಕಂಪನಿಯ ಕೈಯಲ್ಲಿವೆ. ಅದರ ಕ್ರಾಫ್ಟ್ ರೆಕಾರ್ಡಿಂಗ್ಸ್ ವಿಭಾಗ 2023ರಿಂದ ಈ ಮಾಲೆಯನ್ನು ಮತ್ತೆ ತರುತ್ತಿದೆ. ನಾನು ಕೊಳ್ಳಲು ಹೊರಟಿದ್ದು ಅದನ್ನು.

ಮನೆಗೆ ಬಂದದ್ದು ಯುರೋಪಿನ ಯಾವುದೋ ಸಣ್ಣ ಲೇಬಲ್ಲಿನ ಪ್ರತಿ. ಮುಖಪುಟ ನೋಡಿದರೆ ಅದೇ ಅನ್ನಿಸುತ್ತದೆ. ಹಿಂದೆ ತಿರುಗಿಸಿದರೆ ರಿವರ್‌ಸೈಡ್ ಹೆಸರಿಲ್ಲ, ಕ್ರಾಫ್ಟ್ ಹೆಸರಿಲ್ಲ, ಮಾಸ್ಟರಿಂಗ್ ಯಾರದು ಅಂತ ಒಂದು ಸಾಲೂ ಇಲ್ಲ. ರೆಕಾರ್ಡಿನ ಕೊನೆಯ ಗೆರೆಗೂ ಲೇಬಲ್ಲಿಗೂ ನಡುವೆ ಖಾಲಿ ಜಾಗ ಇರುತ್ತದಲ್ಲ, ಕೆವಿನ್ ಗ್ರೇ ಮಾಸ್ಟರಿಂಗ್ ಮಾಡಿದ ರೆಕಾರ್ಡುಗಳಲ್ಲಿ ಅಲ್ಲಿ 'ಕೆಪಿಜಿ' ಅಂತ ಅವರ ಗುರುತು ಕೊರೆದಿರುತ್ತದೆ. ನನಗೆ ಬಂದದ್ದರಲ್ಲಿ ಬರೀ ಅಚ್ಚಿನ ಸಂಖ್ಯೆ. ಸಾಲದ್ದಕ್ಕೆ ಮೂಲ ರೆಕಾರ್ಡಿನಲ್ಲಿ ಆರೇ ಹಾಡು, ಪ್ರತಿ ಬದಿಗೆ ಮೂರು. ಇದರಲ್ಲಿ ಎರಡನೇ ಬದಿಯ ಕೊನೆಗೆ ಇನ್ನೊಂದನ್ನು 'ಬೋನಸ್' ಅಂತ ತುರುಕಿದ್ದಾರೆ. ಬೋನಸ್ ಕೊಟ್ಟರೆ ಖುಷಿ ತಾನೇ ಅಂತ ನಿಮ್ಮ ಹುಡುಗ ಫೋನಿನಲ್ಲಿ ಕೇಳಿದ. ಒಂದು ಬದಿಗೆ ಹಾಡು ಜಾಸ್ತಿ ಹಾಕಿದಷ್ಟೂ ಗೆರೆಗಳು ಒತ್ತೊತ್ತಾಗುತ್ತವೆ, ಧ್ವನಿಯ ಮಟ್ಟ ಇಳಿಸಬೇಕಾಗುತ್ತದೆ, ಸಂಗೀತ ಒಳಗಿನ ಸಣ್ಣ ಸುತ್ತುಗಳ ತನಕ ಹೋಗುತ್ತದೆ. ಆಡಿಯೋಫೈಲ್ ರೆಕಾರ್ಡ್, ಅಂದರೆ ಧ್ವನಿಯ ಗುಣಕ್ಕಾಗಿಯೇ ಕೊಳ್ಳುವ ರೆಕಾರ್ಡ್, ಅಂತ ದುಡ್ಡು ಕೊಡುವವರು ತಪ್ಪಿಸಿಕೊಳ್ಳಲು ನೋಡುವುದೇ ಇದನ್ನು.

ಇಂಥ ಪ್ರತಿಗಳು ಎಲ್ಲಿಂದ ಬರುತ್ತವೆ ಅನ್ನುವುದು ನಿಮಗೆ ಚೆನ್ನಾಗಿ ಗೊತ್ತು. ಯುರೋಪಿನಲ್ಲಿ ಧ್ವನಿಮುದ್ರಣದ ಹಕ್ಕು ಮೊದಲು 50 ವರ್ಷ ಇತ್ತು, ಆಮೇಲೆ 70ಕ್ಕೆ ಏರಿಸಿದರು. ಅಷ್ಟರಲ್ಲಿ 1963ಕ್ಕಿಂತ ಮುಂಚೆ ಬಿಡುಗಡೆಯಾದವುಗಳ ಅವಧಿ ಮುಗಿದಿತ್ತು. ಜಾಝ್‌ನ ಒಳ್ಳೊಳ್ಳೆಯ ರೆಕಾರ್ಡುಗಳೆಲ್ಲ ಹೆಚ್ಚುಕಡಿಮೆ ಆ ಕಾಲದವೇ. ಹಾಗಾಗಿ ಅಲ್ಲಿ ಯಾರು ಬೇಕಾದರೂ ಒಂದು ಸಿಡಿಯನ್ನೋ ಡಿಜಿಟಲ್ ಫೈಲನ್ನೋ ಇಟ್ಟುಕೊಂಡು ರೆಕಾರ್ಡ್ ಒತ್ತಿ ಮಾರಬಹುದು. ಮೂಲ ಟೇಪು ಮಾತ್ರ ಅವರಿಗೆ ಸಿಗುವುದಿಲ್ಲ, ಅದು ಹಕ್ಕುದಾರರ ಬೀರುವಿನಲ್ಲಿರುತ್ತದೆ. ನಮ್ಮ ದೇಶದಲ್ಲೂ ಧ್ವನಿಮುದ್ರಣದ ಹಕ್ಕು 60 ವರ್ಷಕ್ಕೆ ಮುಗಿಯುತ್ತದೆ. 1962ರಲ್ಲಿ ಬಿಡುಗಡೆಯಾದ ಈ ರೆಕಾರ್ಡಿನ ಅವಧಿ ಇಲ್ಲೂ ಮುಗಿದಿದೆ. ಆದ್ದರಿಂದ ಅಂಥದ್ದನ್ನು ಮಾರುವುದು ಕಳ್ಳ ವ್ಯಾಪಾರ ಅಂತ ನಾನು ಹೇಳುತ್ತಿಲ್ಲ. ಕಾಲೇಜು ಹುಡುಗರು ಒಂದೂವರೆ ಸಾವಿರಕ್ಕೆ ಕೊಂಡು ಖುಷಿಪಟ್ಟರೆ ಒಳ್ಳೆಯದೇ. ಅದನ್ನೇ ಅದರ ಹೆಸರಿನಲ್ಲಿ, ಅದರ ಬೆಲೆಗೆ ಮಾರಿ ಅನ್ನುವುದಷ್ಟೇ ನನ್ನ ಮಾತು.

ಅದಾದರೂ ನೆಟ್ಟಗೆ ಇದ್ದಿದ್ದರೆ! ಎರಡನೇ ಬದಿಯಲ್ಲಿ ನಡುವಿನ ತೂತು ಕೇಂದ್ರದಲ್ಲಿಲ್ಲ. ಸೂಜಿ ಇಟ್ಟು ನೋಡಿ, ಸೂಜಿ ಹಿಡಿದಿರುವ ತೋಳು (ಟೋನ್‌ಆರ್ಮ್) ಪ್ರತಿ ಸುತ್ತಿಗೂ ಎಡಕ್ಕೆ ಬಲಕ್ಕೆ ತೂಗುತ್ತದೆ. ನಿಮಿಷಕ್ಕೆ 33⅓ ಸುತ್ತು ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಅಷ್ಟಷ್ಟು ಹೊತ್ತಿಗೆ ಒಮ್ಮೆ ಶ್ರುತಿ ಏರಿ ಇಳಿಯುತ್ತದೆ. ತೂತು ಅರ್ಧ ಮಿಲಿಮೀಟರ್ ಸರಿದರೂ ಸಾಕು. ಒಳಗಿನ ಗೆರೆಗಳಿಗೆ ಹೋದ ಹಾಗೆ ಈ ಏರಿಳಿತ ಹೊರಗಿನದಕ್ಕಿಂತ ಎರಡು ಪಟ್ಟಿಗೂ ಮಿಗಿಲಾಗುತ್ತದೆ. ಆ ಬದಿಯಲ್ಲಿ 'ಸಮ್ ಅದರ್ ಟೈಮ್' ಅಂತ ಒಂದು ನಿಧಾನದ ಹಾಡಿದೆ. ಎವನ್ಸ್ ಒಂದೊಂದು ಸ್ವರವನ್ನು ನುಡಿಸಿ, ಅದು ತಾನಾಗಿ ಕರಗುವ ತನಕ ಬಿಡುತ್ತಾರೆ. ಈ ಪ್ರತಿಯಲ್ಲಿ ಆ ಸ್ವರಗಳೆಲ್ಲ ನಡುಗುತ್ತವೆ. ನಿಮ್ಮ ತಾಂತ್ರಿಕ ವಿಭಾಗದವರು 'ಅದು ವಿನೈಲ್‌ನ ಬೆಚ್ಚನೆಯ ಗುಣ ಸಾರ್' ಅಂದರು. ಸ್ವಾಮಿ, ಪಿಯಾನೋದಲ್ಲಿ ಗಮಕ ಬರುವುದಿಲ್ಲ. ನಾನು ಚಿಕ್ಕಂದಿನಿಂದ ಕೇಳಿಕೊಂಡು ಬಂದದ್ದು ವೀಣೆ, ಪಿಟೀಲು. ಕಂಪಿತ ಯಾವುದು, ಶ್ರುತಿ ಕೆಟ್ಟದ್ದು ಯಾವುದು ಅಂತ ಅಷ್ಟು ತಿಳಿಯುತ್ತದೆ.

ಆಮೇಲೆ ನನ್ನ ಟರ್ನ್‌ಟೇಬಲ್ಲಿನ ಮೇಲೆ ಹೊರಿಸಿದರು. ಅದೇ ಟರ್ನ್‌ಟೇಬಲ್ಲಿನಲ್ಲಿ ನೀವೇ ಕಳಿಸಿದ 'ಸಮ್‌ಥಿಂಗ್ ಎಲ್ಸ್' ಅಲ್ಲಾಡದೆ ಓಡುತ್ತದೆ. ಈ ರೆಕಾರ್ಡನ್ನು ಗೆಳೆಯರೊಬ್ಬರ ಮನೆಗೆ ಒಯ್ದು ಅವರ ಯಂತ್ರದಲ್ಲಿ ಹಾಕಿದರೆ ಅಲ್ಲೂ ಹೀಗೇ ತೂಗುತ್ತದೆ. ಎರಡರ ವಿಡಿಯೋ ಕಳಿಸಿದ್ದೇನೆ. ಯಾರೂ ತೆರೆದು ನೋಡಿದ ಹಾಗೆ ಕಾಣಲಿಲ್ಲ.

ಈ ರೆಕಾರ್ಡಿನ ಬಗ್ಗೆ ಇಷ್ಟು ಬರೆಯಲು ಕಾರಣ ಇದೆ. 1961ರ ಜೂನ್ 25, ಭಾನುವಾರ, ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ನುಡಿಸಿದ್ದು ಇದು. ಬಾಸ್ ನುಡಿಸಿದ ಸ್ಕಾಟ್ ಲಫಾರೊಗೆ ಆಗ 25 ವರ್ಷ. ಹನ್ನೊಂದು ದಿನದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆ ಮೂವರು ಮತ್ತೆ ರೆಕಾರ್ಡ್ ಮಾಡಲಿಲ್ಲ. ಮಾಸ್ಟರಿಂಗ್ ಚೆನ್ನಾಗಿದ್ದರೆ ಲೋಟಗಳ ಸದ್ದು, ಜನ ಪಿಸುಗುಟ್ಟುವುದು, ಬ್ರಷ್ಷು ಡ್ರಮ್ಮಿನ ಮೇಲೆ ಉಜ್ಜುವುದು ಎಲ್ಲ ಬೇರೆ ಬೇರೆಯಾಗಿ, ತಮ್ಮ ತಮ್ಮ ಜಾಗದಲ್ಲಿ ಕೇಳುತ್ತವೆ. ಇದನ್ನು ನಾನು ಫೋನಿನಲ್ಲಿ ಪುಕ್ಕಟೆ ಕೇಳಬಹುದು, ಕೇಳುತ್ತಲೂ ಇದ್ದೇನೆ. ಸುಮ್ನೆ 4,800 ಯಾಕೆ ಕೊಟ್ಟೆ ಹೇಳಿ? ಆ ಟೇಪಿಗೆ ಆದಷ್ಟು ಹತ್ತಿರ ಹೋಗಲು. ಬಂದದ್ದು ಟೇಪಿನ ಹತ್ತಿರವೇ ಸುಳಿಯದ ಪ್ರತಿ ಆದರೆ ಫೋನೇ ವಾಸಿ.

ಎರಡನೆಯದು 'ಮೋನಿನ್'. ಇದು ಸರಿಯಾದ ಪ್ರತಿಯೇ, ಬ್ಲೂ ನೋಟ್ ಲೇಬಲ್ಲಿನ ಕ್ಲಾಸಿಕ್ ವಿನೈಲ್ ಮಾಲೆಯದು. ಅದರಲ್ಲಿ ನನ್ನ ತಕರಾರಿಲ್ಲ. ತಕರಾರು ನಿಮ್ಮ ಪ್ಯಾಕಿಂಗಿನದು. ತೆಳ್ಳಗಿನ ರಟ್ಟಿನ ಡಬ್ಬಿ, ಒಂದು ಸುತ್ತು ಗುಳ್ಳೆ ಪ್ಲಾಸ್ಟಿಕ್, ಅಷ್ಟೇ. ಎರಡೂ ಕಡೆ ಗಟ್ಟಿ ರಟ್ಟು ಇಲ್ಲ. ದಾರಿಯುದ್ದಕ್ಕೂ ರೆಕಾರ್ಡ್ ಜಾಕೆಟ್ಟಿನೊಳಗೆ ಕುಲುಕಾಡಿ ಮೇಲಂಚನ್ನು ಸೀಳಿಕೊಂಡು ಹೊರಗೆ ಇಣುಕಿದೆ. ಮೂಲೆ ಮಡಚಿದೆ. ಇದು ಆಗಬಾರದು ಅಂತಲೇ ಆರ್ಡರ್ ಮಾಡುವಾಗ, 'ದಯವಿಟ್ಟು ನೀವೇ ಸೀಲ್ ಒಡೆದು, ರೆಕಾರ್ಡನ್ನು ಜಾಕೆಟ್ಟಿನ ಹೊರಗೆ ಇಟ್ಟು ಕಳಿಸಿ' ಅಂತ ಬರೆದಿದ್ದೆ. ಹೊರದೇಶದ ಒಳ್ಳೆಯ ಅಂಗಡಿಗಳು ಕೇಳಿದರೆ ಹೀಗೆ ಕಳಿಸುತ್ತವೆ. ನಿಮ್ಮವರು ಅದನ್ನು ಓದಲೇ ಇಲ್ಲ. ಇದರ ಮೇಲೆ ರೆಕಾರ್ಡೂ ಬಗ್ಗಿದೆ. ಅಂಚು ತಟ್ಟೆಯ ಮೇಲೆ ಕೂರುವುದಿಲ್ಲ, ಮೊದಲ ಹಾಡಿನಲ್ಲೇ ಸೂಜಿ ಹಾರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಡೆಲಿವರಿ ವ್ಯಾನಿನೊಳಗೆ ಎಷ್ಟು ಹೊತ್ತು ಬೆಂದಿತ್ತೋ. ಕೊರಿಯರಿನವರ ತಪ್ಪು ಅಂತ ನೀವು ಹೇಳಬಹುದು. ಕೊರಿಯರ್ ಆರಿಸಿದ್ದು ನೀವು, ದುಡ್ಡು ತಗೊಂಡದ್ದೂ ನೀವು.

ಜಾಕೆಟ್ ಹರಿದರೆ ಏನಾಯ್ತು, ಕೇಳೋಕೆ ರೆಕಾರ್ಡ್ ತಾನೇ ಬೇಕು ಅಂತಲೂ ಒಬ್ಬರು ಅಂದರು. ಅದು ರೆಕಾರ್ಡ್ ಅಂಗಡಿಯವರು ಆಡುವ ಮಾತಲ್ಲ. ಬ್ಲೂ ನೋಟ್ ಜಾಕೆಟ್ ಅಂದರೆ ಸಾಮಾನ್ಯವಾಗಿ ಫ್ರಾನ್ಸಿಸ್ ವುಲ್ಫ್ ತೆಗೆದ ಫೋಟೋ, ರೀಡ್ ಮೈಲ್ಸ್ ಮಾಡಿದ ಅಕ್ಷರ ವಿನ್ಯಾಸ. ಹನ್ನೆರಡು ಅಂಗುಲದಲ್ಲಿ ಅದನ್ನು ಕೈಯಲ್ಲಿ ಹಿಡಿದು ನೋಡುವುದೂ ಈ ಹವ್ಯಾಸದ ಅರ್ಧ ಸುಖ.

'ಸಮ್‌ಥಿಂಗ್ ಎಲ್ಸ್' ಬಗ್ಗೆಯೂ ಹೇಳಬೇಕು, ಬರೀ ದೂರೇ ಆಗಬಾರದು. 1958ರ ಮಾರ್ಚ್ 9ರಂದು ಧ್ವನಿಮುದ್ರಣದ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ತಮ್ಮ ತಂದೆತಾಯಿಯ ಮನೆಯ ಹಾಲಿನಲ್ಲಿ, ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ, ಮುದ್ರಿಸಿಕೊಂಡದ್ದು. ಆಗ ಅವರು ಹಗಲು ಕನ್ನಡಕದ ಡಾಕ್ಟರು. ನಿಮ್ಮಿಂದ ಬಂದ ಪ್ರತಿಯಲ್ಲಿ ಮೈಲ್ಸ್ ಡೇವಿಸ್‌ನ ತುತ್ತೂರಿ ಮ್ಯೂಟ್ (ಸದ್ದು ತಗ್ಗಿಸುವ ಬಿರಡೆ) ಹಾಕಿಕೊಂಡು 'ಆಟಮ್ ಲೀವ್ಸ್' ಶುರು ಮಾಡಿದಾಗ ನಮ್ಮ ಮನೆಯಲ್ಲಿ ಜಾಝ್ ಅಂದರೆ ಮೂಗು ಮುರಿಯುವವರೂ ಅಡುಗೆಮನೆಯಿಂದ ಹೊರಗೆ ಬಂದು ಕೂತರು. ಗೆರೆಯಲ್ಲಿ ಸದ್ದಿಲ್ಲ, ತೂತು ಸರಿಯಾಗಿದೆ, ಕೊರೆದ ಗುರುತೂ ಇದೆ. ಬೆಲೆ 'ವಾಲ್ಟ್ಸ್'ಗಿಂತ ಕಡಿಮೆ. ನಿಮ್ಮ ಗೋದಾಮಿನಲ್ಲಿ ಒಳ್ಳೆಯ ಮಾಲು ಇದೆ ಅಂತ ಗೊತ್ತಾದದ್ದರಿಂದಲೇ ಕೋಪ ಜಾಸ್ತಿ.

ನಾನು ಜಾಝ್‌ಗೆ ಬಂದದ್ದೇ ನಮ್ಮೂರಿನ ದಾರಿಯಿಂದ. ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ನುಡಿಸಿದ 'ಜ್ಯೋತಿ' 1983ರಲ್ಲಿ ಇಸಿಎಂ ಲೇಬಲ್ಲಿನಲ್ಲಿ ಬಂತು. ಅದರಲ್ಲಿನ ಆರ್.ಎ. ರಮಾಮಣಿಯವರ ಹಾಡುಗಾರಿಕೆ ಕೇಳಲು ಹೋಗಿ ಮರಿಯಾನೊ ಹಿಂದೆ ಬಿದ್ದೆ, ಅಲ್ಲಿಂದ ಬಾಸ್ ವಾದಕ ಮಿಂಗಸ್, ಅಲ್ಲಿಂದ ಉಳಿದವರು. ನನ್ನಂಥವರು ಈ ಊರಲ್ಲಿ ಕಡಿಮೆ ಇರಬಹುದು. ಆದರೆ ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತೇವೆ.

ಈಗ 'ಸೀಲ್ ಒಡೆದಿದ್ದೀರಿ' ಅನ್ನುವ ನಿಮ್ಮ ನಿಯಮದ ಮಾತು. ರೆಕಾರ್ಡಿನ ತೂತು ಸರಿದಿದೆಯೋ, ಒಳಗಿರುವುದು ಯಾರ ಮಾಸ್ಟರಿಂಗೋ, ಸೀಲ್ ಒಡೆಯದೆ ತಿಳಿಯುವುದು ಹೇಗೆ? ಕೊಳ್ಳುವವನ ಕೈಯಲ್ಲಿ ಇರುವುದು ನಿಮ್ಮ ಪುಟದಲ್ಲಿ ಬರೆದ ನಾಲ್ಕು ಮಾತು ಮಾತ್ರ. ಅದೇ ಸುಳ್ಳಾದರೆ ಇನ್ನೇನು ಉಳಿಯಿತು? '180 ಗ್ರಾಂ' ಅನ್ನುವುದೂ ಅಷ್ಟೇ. ಅದು ಪ್ಲಾಸ್ಟಿಕ್ಕಿನ ತೂಕ, ಟೇಪು ಎಲ್ಲಿಯದು ಅಂತ ಅದು ಹೇಳುವುದಿಲ್ಲ.

2022ರ ಜುಲೈನಲ್ಲಿ ಅಮೆರಿಕದಲ್ಲಿ ಏನಾಯಿತು ಅಂತ ಈ ವ್ಯಾಪಾರದಲ್ಲಿರುವ ನಿಮಗೆ ನೆನಪಿರಬೇಕು. ಮೊಬೈಲ್ ಫಿಡೆಲಿಟಿ ಕಂಪನಿಯವರು ಪೂರ್ತಿ ಅನಲಾಗ್ ಅಂತ ಜನ ನಂಬಿಕೊಂಡಿದ್ದ ರೆಕಾರ್ಡುಗಳ ತಯಾರಿಯಲ್ಲಿ ಡಿಜಿಟಲ್ ಹಂತ ಇದೆ ಅಂತ ಅವರ ಎಂಜಿನಿಯರುಗಳೇ ಒಪ್ಪಿಕೊಂಡರು. ಆ ರೆಕಾರ್ಡುಗಳ ಧ್ವನಿ ಕೆಟ್ಟದಾಗಿದೆ ಅಂತ ಯಾರೂ ಹೇಳಲಿಲ್ಲ, ಬಹಳ ಜನಕ್ಕೆ ಇಷ್ಟವೂ ಆಗಿತ್ತು. ಆದರೂ ವಿಷಯ ಕೋರ್ಟಿಗೆ ಹೋಯಿತು. ರೆಕಾರ್ಡ್ ವಾಪಸ್ ಕೊಟ್ಟವರಿಗೆ ಹಣ ಹಿಂದಿರುಗಿಸುವ ಒಪ್ಪಂದ ಆಯಿತು. ಅಲ್ಲಿ ಧ್ವನಿಯಾದರೂ ಚೆನ್ನಾಗಿತ್ತು. ನನ್ನ ಕೈಯಲ್ಲಿರುವುದರಲ್ಲಿ ಅದೂ ಇಲ್ಲ.

ನಮ್ಮಲ್ಲೂ ಕಾನೂನು ಇದೆ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ದೋಷ ಇರುವ ಅಥವಾ ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದ ಸರಕನ್ನು ವಾಪಸ್ ತಗೊಳ್ಳುವುದಿಲ್ಲ ಅನ್ನುವ ಹಾಗಿಲ್ಲ. ದೂರು ಬಂದಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಮದು ಸರಕಿಗೆ ಅದು ತಯಾರಾದ ದೇಶದ ಹೆಸರನ್ನೂ ಹಾಕಬೇಕು. ನಿಮ್ಮ ಪುಟದಲ್ಲಿ ಆ ಜಾಗ ಖಾಲಿ ಇದೆ.

ನನಗೆ ಬೇಕಾದದ್ದು ಇಷ್ಟು. 'ವಾಲ್ಟ್ಸ್ ಫಾರ್ ಡೆಬ್ಬಿ'ಯ 4,800 ರೂಪಾಯಿ ಪೂರ್ತಿ ನನ್ನ ಬ್ಯಾಂಕ್ ಖಾತೆಗೆ ಬರಬೇಕು. ನೀವು ಕೊಡುತ್ತೇವೆ ಅಂದ 500 ರೂಪಾಯಿಯ ಕೂಪನ್ ಬೇಡ. 'ಮೋನಿನ್'ಗೆ ಬದಲಿ ಪ್ರತಿ ಕಳಿಸಿ, ಈ ಸಲ ನೀವೇ ಸೀಲ್ ಒಡೆದು ನೋಡಿ, ಗಟ್ಟಿ ರಟ್ಟಿನ ನಡುವೆ ಇಟ್ಟು ಕಳಿಸಿ. ವಾಪಸ್ ಸಾಗಣೆಯ ಖರ್ಚು ನಿಮ್ಮದೇ. ಜೊತೆಗೆ ಪುಟ ತಿದ್ದಿ. ಯಾವ ಲೇಬಲ್ಲು, ಯಾವ ದೇಶದಲ್ಲಿ ಒತ್ತಿದ್ದು, ಮೂಲ ಟೇಪೋ ಡಿಜಿಟಲ್ಲೋ ಅಂತ ಪ್ರತಿ ರೆಕಾರ್ಡಿನ ಕೆಳಗೆ ಬರೆಯಿರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಬರೆಯಿರಿ, ಕೊಳ್ಳುವವರು ಯೋಚಿಸಿಕೊಳ್ಳುತ್ತಾರೆ. ಈ ಪತ್ರ ಬರೆಯುವಾಗಲೂ ಆ ಪುಟದಲ್ಲಿ ಕೆವಿನ್ ಗ್ರೇ ಹೆಸರು ಹಾಗೇ ಇದೆ, ಬಂದವರೆಲ್ಲ ಅದನ್ನೇ ನಂಬಿ ಕೊಳ್ಳುತ್ತಿರಬಹುದು.

ಹದಿನೈದು ದಿನದೊಳಗೆ ಉತ್ತರ ಬಾರದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಐದು ಲಕ್ಷದವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವೂ ಇಲ್ಲ.

ಬಿಲ್ಲು, ನಿಮ್ಮ ಪುಟದ ಚಿತ್ರ, ಎರಡೂ ಜಾಕೆಟ್ಟುಗಳ ಫೋಟೋ, ವಿಡಿಯೋಗಳು ಇದರ ಜೊತೆ ಇವೆ. ಎರಡೂ ರೆಕಾರ್ಡುಗಳನ್ನು ಗಟ್ಟಿ ರಟ್ಟು ಹಾಕಿ ಪ್ಯಾಕ್ ಮಾಡಿ ಇಟ್ಟಿದ್ದೇನೆ. ಕೊರಿಯರಿನವರನ್ನು ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ಆರರ ಮೇಲೆ ಕಳಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ಬೇಡ.

ಇಂತಿ,
ನಿಮ್ಮ ಗ್ರಾಹಕ
ಬಸವನಗುಡಿ, ಬೆಂಗಳೂರು