ನೀನು ‘ಸೋತೆ’ ಅಂದದ್ದು ನನಗೆ ಕೇಳಿಸಿರಲಿಲ್ಲ

ಬೆಳಗಾವಿ
ಭಾನುವಾರ ಮಧ್ಯಾಹ್ನ

ಪುಟ್ಟವ್ವಾ,

ಕೈಯಲ್ಲಿ ಫೋನ್ ಇಟ್ಟುಕೊಂಡು ಅಪ್ಪ ಪತ್ರ ಬರೆಯುತ್ತಾನಲ್ಲ ಅಂತ ನಗಬೇಡ. ಕೆಲಸ ಕೆಟ್ಟಿದ್ದೇ ಫೋನಿನಲ್ಲಿ. ಅದಕ್ಕೇ ಪತ್ರ.

ಹೋದ ಮಂಗಳವಾರ ನೀನು ಕೊಲ್ಲಾಪುರದಿಂದ ಫೋನ್ ಮಾಡಿದಾಗ ನಾನು ಹಾಲಿನ ಲೆಕ್ಕ ಬರೆಯುತ್ತ ಕೂತಿದ್ದೆ. ಬಲಗೈಯಲ್ಲಿ ಪೆನ್ನು. ಹಾಗಾಗಿ ಫೋನು ಎಡಗೈಯಲ್ಲಿ, ಎಡಗಿವಿಗೆ. ನೀನು ‘ಸೋತೆ ಅಪ್ಪಾ’ ಅಂದೆ. ನನಗೆ ಕೇಳಿಸಿದ್ದು ‘ಓದ್ದೆ ಅಪ್ಪಾ’. ಪರೀಕ್ಷೆ ಹತ್ತಿರ ಬಂತು, ಹುಡುಗಿ ಓದಲಿಕ್ಕೆ ಕೂತಿದ್ದಾಳೆ ಅಂದುಕೊಂಡು ‘ಭಾಳ ಛಲೋ ಆತು ನೋಡು, ಹಿಂಗ ಇರಬೇಕು’ ಅಂದುಬಿಟ್ಟೆ. ನೀನು ಸುಮ್ಮನಾದೆ. ‘ಇಡ್ತೀನಿ’ ಅಂದೆ. ಅದು ಮಾತ್ರ ಸರಿಯಾಗಿ ಕೇಳಿಸಿತು.

ಮೂರು ದಿನ ಆದ ಮೇಲೆ ನಿನ್ನ ಅವ್ವ, ‘ಕೂಸು ಶೂಟಿಂಗ್ ಮ್ಯಾಚ್ ಸೋತು ಅಳಕೋತ ಫೋನ್ ಮಾಡಿದ್ರ ನೀವು ಚಪ್ಪಾಳಿ ಹೊಡದೀರಂತಲ್ಲ’ ಅಂತ ಜಗಳಕ್ಕೆ ನಿಂತಳು. ನಾನು ಚುಚ್ಚಿ ಮಾತಾಡಿದೆ, ರೈಫಲ್ ಬಿಡಿಸಲಿಕ್ಕೆ ನೋಡುತ್ತಿದ್ದೇನೆ ಅಂತ ನೀನು ತಿಳಿದುಕೊಂಡಿದ್ದೀಯಂತೆ. ಹಾಗಲ್ಲ ತಾಯಿ. ನನ್ನ ಎಡಗಿವಿ ಹೋಗಿದೆ. ಹೋಗಿ ಬಹಳ ವರ್ಷವಾಯಿತು. ಮನೆಯಲ್ಲಿ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಚಳಿಗಾಲದಲ್ಲೂ ನಾನು ಫ್ಯಾನ್ ಹಾಕಿ ಮಲಗುತ್ತೇನೆ ಅಂತ ನೀನು ಎಷ್ಟು ಸಲ ಬೈದಿಲ್ಲ! ಡಿಸೆಂಬರ್‌ನಲ್ಲಿ, ಈ ಬೆಳಗಾವಿಯ ಥಂಡಿಯಲ್ಲಿ, ಎರಡು ಚಾದರ ಹೊದ್ದು ಮೇಲೆ ಫ್ಯಾನ್. ಸೆಕೆಗಲ್ಲ ಅದು. ರಾತ್ರಿ ಎಲ್ಲ ಗಪ್ ಆದಾಗ ಕಿವಿಯೊಳಗೆ ಒಂದು ಜೀರುಂಡೆ ಕೂಗಲಿಕ್ಕೆ ಶುರು ಮಾಡುತ್ತದೆ. ಒಂದೇ ಸ್ವರ, ಉಸಿರು ತಗೊಳ್ಳದೆ, ಬೆಳಗಾಗುವ ತನಕ. ಫ್ಯಾನಿನ ಸದ್ದಿದ್ದರೆ ಅದು ಸ್ವಲ್ಪ ಮುಚ್ಚಿಹೋಗುತ್ತದೆ, ನಿದ್ದೆ ಹತ್ತುತ್ತದೆ.

ಇದೆಲ್ಲ ಬಂದದ್ದು ಬಂದೂಕಿನಿಂದ. ಕಾಲೇಜಿನಲ್ಲಿ ಎನ್‌ಸಿಸಿ, ಪಾಯಿಂಟ್ ಟೂ ಟೂ ರೈಫಲ್. ಬ್ಯಾಂಕಿಗೆ ಸೇರಿದ ಮೇಲೆ ಗೆಳೆಯರ ಜೊತೆ ಭಾನುವಾರ ಭಾನುವಾರ ಗುಂಡು ಹೊಡೆಯುವ ರೇಂಜಿಗೆ ಹೋಗುವ ಚಟ. ಹನ್ನೆರಡು ವರ್ಷ ಬಿಡದೆ ಹೋದೆ. ಕೊನೆಕೊನೆಗೆ ಹನ್ನೆರಡು ಬೋರಿನ, ಎರಡು ನಳಿಗೆಯ ಡಬಲ್ ಬ್ಯಾರಲ್ ಬಂದೂಕೂ ಬಂತು. ಕಿವಿಗೆ ಏನು ಹಾಕುತ್ತಿದ್ದೆವು? ಹತ್ತಿ. ಅದೂ ಅಗರಬತ್ತಿಯ ಅಂಗಡಿಯಿಂದ ತಂದ, ದೀಪದ ಬತ್ತಿ ಹೊಸೆಯುವ ಹತ್ತಿ. ಒಬ್ಬನಂತೂ ಖಾಲಿ ತೋಟಾನೇ ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಕಿವಿಯನ್ನು ಹೊರಗಿನಿಂದ ಮುಚ್ಚುವ ಮಫ್ ಹಾಕಿದವನನ್ನು ಕಂಡರೆ ‘ಏನೋ, ಕಿವಿಗೆ ಥಂಡಿ ಆತೇನು’ ಅಂತ ನಗುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ರೇಂಜಿನಿಂದ ಬಂದ ರಾತ್ರಿ ಕಿವಿ ಗುಂಯ್ ಅನ್ನುತ್ತಿತ್ತು, ಹತ್ತಿ ತುಂಬಿದ ಹಾಗಿರುತ್ತಿತ್ತು. ಮರುದಿನವೋ ಅದರ ಮರುದಿನವೋ ಸರಿಹೋಗುತ್ತಿತ್ತು. ಸರಿಹೋಗುತ್ತದಲ್ಲ ಅನ್ನುವುದೇ ನಮಗೆ ಧೈರ್ಯ. ನಿನಗೆ ಗಾಳಿಗೆ ಬಾಗುವ ಜೋಳದ ಹೊಲ ಗೊತ್ತಲ್ವಾ? ಗಾಳಿ ನಿಂತರೆ ದಂಟು ಮತ್ತೆ ನೆಟ್ಟಗಾಗುತ್ತದೆ. ಆದರೆ ಪ್ರತಿ ಸಲ ನಾಲ್ಕು ದಂಟು ಬುಡದಲ್ಲೇ ಮುರಿದು ಮಲಗಿರುತ್ತವೆ. ದೂರದಿಂದ ನೋಡಿದರೆ ಹೊಲ ಹಾಗೇ ಕಾಣುತ್ತದೆ. ಕಿವಿಯ ಒಳಗೆ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರಲ್ಲಿ ಸುಮಾರು 15,000 ಸೂಕ್ಷ್ಮ ಕೋಶಗಳು, ತಲೆಯ ಮೇಲೆ ಎಳೆ ಎಳೆ ಕೂದಲಿನಂಥವು. ಹುಟ್ಟುವಾಗ ತಂದಷ್ಟೇ. ಸತ್ತರೆ ಮತ್ತೆ ಬರುವುದಿಲ್ಲ. ಕೋಳಿಗಳಿಗೆ ಮತ್ತೆ ಹುಟ್ಟುತ್ತವೆ. ನಮಗೆ ಆ ಭಾಗ್ಯ ಇಲ್ಲ.

ಶುಕ್ರವಾರ ಅವ್ವನೇ ಎಳೆದುಕೊಂಡು ಹೋಗಿ ಕಿವಿ ತೋರಿಸಿದಳು. ನಿನ್ನ ವಯಸ್ಸಿನ ಒಂದು ಹುಡುಗಿ ನನ್ನನ್ನು ಗಾಜಿನ ಡಬ್ಬಿಯಂಥ ಕೋಣೆಯಲ್ಲಿ ಕೂರಿಸಿ, ಕೈಗೆ ಒಂದು ಗುಂಡಿ ಕೊಟ್ಟು, ‘ಸದ್ದು ಕೇಳಿಸಿದ ಕೂಡಲೇ ಒತ್ತಿರಿ ಅಂಕಲ್’ ಅಂದಳು. ಬಲಗಿವಿಗೆ ಟಕ್ ಟಕ್ ಅಂತ ಒತ್ತಿದೆ. ಎಡಗಿವಿಗೆ ಬಂದಾಗ ಮೊದಲು ಕೆಲವು ಸದ್ದು ಬಂದವು. ಆಮೇಲೆ ಏನೂ ಇಲ್ಲ. ಮಶಿನ್ ಕೆಟ್ಟಿತೇನೋ ಅಂದುಕೊಂಡು ಗಾಜಿನಾಚೆ ನೋಡಿದರೆ ಅವಳ ಬೆರಳು ಒತ್ತುತ್ತಲೇ ಇದೆ. ಅವಳು ಸದ್ದು ಕಳಿಸುತ್ತಿದ್ದಾಳೆ, ನಾನು ಗುಂಡಿ ಹಿಡಿದುಕೊಂಡು ಕೂತಿದ್ದೇನೆ.

ಕಾಗದ ಕೈಗೆ ಬಂತು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರದ ಗುರುತು. ಹರ್ಟ್ಜ್ ಅಂದರೆ ಸದ್ದು ಎಷ್ಟು ಕೀಚಲು ಅನ್ನುವ ಅಳತೆ. ನೀಲಿ ಗೆರೆ 2000 ಹರ್ಟ್ಜ್ ತನಕ ನೆಟ್ಟಗೆ ಬಂದು, 4000ಕ್ಕೆ ಗೋಕಾಕದ ಫಾಲ್ಸ್ ಥರ ಧೊಪ್ಪನೆ ಬಿದ್ದಿದೆ. 8000ಕ್ಕೆ ಮತ್ತೆ ಸ್ವಲ್ಪ ಮೇಲೆ ಎದ್ದಿದೆ. ಡಾಕ್ಟರು ಅದನ್ನು ನೋಡಿದವರೇ ಕೇಳಿದ್ದು, ‘ಬಲಗೈಯಲ್ಲಿ ಬಂದೂಕು ಹೊಡಿತಿದ್ರೇನ್ರೀ?’ ನಾನು ಹೇಳಿರಲೇ ಇಲ್ಲ. ಬಲಗೈಯವರು ರೈಫಲ್‌ಗೆ ಕೆನ್ನೆ ಕೊಟ್ಟಾಗ ಬಲಗಿವಿ ಭುಜದ ಕಡೆ ಹೋಗಿ ತಲೆಯ ಮರೆಯಲ್ಲಿ ಉಳಿಯುತ್ತದೆ. ಎಡಗಿವಿ ನಳಿಗೆಯ ಬಾಯಿಗೆ ಎದುರಾಗುತ್ತದೆ. ಅದಕ್ಕೇ ಅದು ಮೊದಲು ಹೋಗುತ್ತದೆ. ನೀನೂ ಬಲಗೈಯವಳೇ ಅಲ್ವಾ.

ಈ ಕಿವುಡುತನದಲ್ಲಿ ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಆ, ಓ, ಊ ಎಲ್ಲ ಬರುತ್ತವೆ. ಸ, ಶ, ಚ, ತ, ಕ ಇವೆಲ್ಲ ಮೇಲಿನ ಸ್ವರದವು, ಉದುರಿಹೋಗುತ್ತವೆ. ಅವ್ವ ಅಡುಗೆಮನೆಯಿಂದ ‘ಸಾರು ಹಾಕಲೇನ್ರೀ’ ಅಂದರೆ ನಾನು ‘ಆರಕ್ಕ ಯಾಕ, ಎಂಟಕ್ಕ ಹಾಕು’ ಅನ್ನುತ್ತೇನೆ. ಅವಳು ಇಷ್ಟು ವರ್ಷ ಇದನ್ನು ಸೊಕ್ಕು ಅಂದುಕೊಂಡಿದ್ದಳು.

ನಿನ್ನ ಅಜ್ಜನೂ ಕೆಪ್ಪನೇ. ವಡಗಾವಿಯ ಪವರ್‌ಲೂಮಿನಲ್ಲಿ ಮೂವತ್ತು ವರ್ಷ ಸೀರೆ ನೇಯ್ದ. ಮಗ್ಗಗಳ ನಡುವೆ ಸದ್ದಿನ ಜೋರು 100 ಡೆಸಿಬೆಲ್ ಆಸುಪಾಸು ಇರುತ್ತದೆ. ಅವನು ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದ. ಅವನ ಕಿವಿ ಹೊಟ್ಟೆಪಾಡಿಗೆ ಹೋಯಿತು, ನಾಲ್ಕು ಮಕ್ಕಳನ್ನು ಓದಿಸಿತು. ನಾನು ಕಳೆದುಕೊಂಡದ್ದು ಬರೀ ಮೋಜಿಗೆ. ಇದನ್ನು ಯೋಚಿಸಿದಾಗ ಅವನ ಫೋಟೋದ ಮುಂದೆ ನಿಲ್ಲಲಿಕ್ಕೆ ನಾಚಿಕೆ ಆಗುತ್ತದೆ.

ನಿನ್ನ ರೈಫಲ್ ಬಿಡಿಸುವ ಮಾತೇ ಇಲ್ಲ, ಅದನ್ನು ತಲೆಯಿಂದ ತೆಗೆದುಹಾಕು. ಆ ಕೊಲ್ಲಾಪುರದ ನೀರೇ ಅಂಥದ್ದು. ತೇಜಸ್ವಿನಿ ಸಾವಂತ್ 2010ರಲ್ಲಿ 50 ಮೀಟರ್ ಪ್ರೋನ್‌ನಲ್ಲಿ, ಅಂದರೆ ಮಲಗಿ ಹೊಡೆಯುವುದರಲ್ಲಿ, ವಿಶ್ವ ಚಾಂಪಿಯನ್ ಆದಳು. ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್‌ನಿಂದ ಕಂಚು ತಂದ, ನೀನು ಈಗ ಹಿಡಿದಿರುವ ಥ್ರೀ ಪೊಸಿಷನ್‌ನಲ್ಲೇ: ಮಂಡಿಯೂರಿ ನೀಲಿಂಗ್, ಮಲಗಿ ಪ್ರೋನ್, ನಿಂತು ಸ್ಟ್ಯಾಂಡಿಂಗ್. ಹೊಡಿ, ಚೆನ್ನಾಗಿ ಹೊಡಿ. ನನ್ನ ಚಿಂತೆ ಬೇರೆ. ಇಷ್ಟು ದಿನ ನೀನು ಹತ್ತು ಮೀಟರ್ ಏರ್ ರೈಫಲ್‌ನಲ್ಲಿದ್ದೆ. ಅದರ ಸದ್ದು ಅಷ್ಟಕ್ಕಷ್ಟೇ. ಹಾಗಾಗಿ ಕಿವಿ ಮುಚ್ಚುವ ರೂಢಿಯೇ ನಿನಗೆ ಬೀಳಲಿಲ್ಲ. ಈಗ ಪಾಯಿಂಟ್ ಟೂ ಟೂ. ಅದು ಸಣ್ಣದು, ಪಟ್ ಅನ್ನುತ್ತದೆ ಅಷ್ಟೆ ಅಂತ ನೀನೇ ಹೇಳಿದ್ದೆ. ಆ ‘ಪಟ್’ ಸುಮಾರು 140 ಡೆಸಿಬೆಲ್. ದೊಡ್ಡವರ ಕಿವಿಗೂ ಒಂದೇ ಒಂದು ಸಲಕ್ಕೆ ಅದರಾಚೆ ಬೇಡ ಅನ್ನುವ ಗಡಿ ಅದು. ಅದೇ ಗುಂಡನ್ನು ಪಿಸ್ತೂಲಿನಲ್ಲಿ ಹಾರಿಸಿದರೆ ಸದ್ದು ಇನ್ನೂ ಜಾಸ್ತಿ. ಡೆಸಿಬೆಲ್‌ನ ಲೆಕ್ಕ ಮೋಸದ್ದು ನೋಡು, ಪ್ರತಿ ಹತ್ತಕ್ಕೆ ಹತ್ತು ಪಟ್ಟು ಏರುತ್ತದೆ. ಅಜ್ಜನ ಮಗ್ಗದ 100ಕ್ಕೂ ನಿನ್ನ 140ಕ್ಕೂ, ಆ ಒಂದು ಕ್ಷಣದ ಮಟ್ಟಿಗೆ, 10,000 ಪಟ್ಟಿನ ಅಂತರ. ಮಗ್ಗದ ಸದ್ದು ಒಂದೇ ಸಮನೆ ಬರುತ್ತದೆ, ಕಿವಿಯೊಳಗಿನ ಸಣ್ಣ ಸ್ನಾಯು ಬಿಗಿಯಾಗಿ ಅಷ್ಟಿಷ್ಟು ತಡೆಯುತ್ತದೆ. ಗುಂಡಿನ ಸದ್ದು ಆ ಸ್ನಾಯು ಎಚ್ಚರವಾಗುವುದರೊಳಗೆ ಒಳಗೆ ಹೋಗಿ ಆಗಿರುತ್ತದೆ.

ದಿನಕ್ಕೆ ನೂರು ಗುಂಡು ಅಂದಿದ್ದೆ. ನಿನ್ನವು ನೂರು. ಪಕ್ಕದ ಲೇನಿನವರದು? ಅವನ್ನು ಯಾರೂ ಎಣಿಸುವುದಿಲ್ಲ, ಕಿವಿ ಎಣಿಸುತ್ತದೆ.

ನೀನು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಕಿವಿಯೊಳಗೆ ಪ್ಲಗ್ ಹಾಕಿದ್ದೀಯ, ಸಂತೋಷ. ಆದರೆ ಅರ್ಧ ಹೊರಗೇ ಇದೆ, ಕಳ್ಳಿನ ಬಾಟಲಿಗೆ ಬಿರಡೆ ಇಟ್ಟ ಹಾಗೆ. ಡಾಕ್ಟರ ಹತ್ತಿರ ಇದ್ದ ಆ ಹುಡುಗಿ ನನಗೆ ತೋರಿಸಿಕೊಟ್ಟಳು, ಕೇಳು. ಫೋಮಿನ ಪ್ಲಗ್ಗನ್ನು ಬೆರಳಲ್ಲಿ ಬತ್ತಿ ಹೊಸೆದ ಹಾಗೆ ತೆಳ್ಳಗೆ ಹೊಸೆಯಬೇಕು, ಮಡಿಕೆ ಬೀಳಬಾರದು. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ಒಳಗಿನ ದಾರಿ ನೆಟ್ಟಗಾಗುತ್ತದೆ. ಆಗ ತೂರಿಸಿ, ಉಬ್ಬುವ ತನಕ, ಅರ್ಧ ನಿಮಿಷ ಬೆರಳಿಂದ ಒತ್ತಿ ಹಿಡಿಯಬೇಕು. ಎದುರಿಗೆ ನಿಂತವರಿಗೆ ಕಾಣಿಸಿತೋ, ಅದು ಸರಿ ಕೂತಿಲ್ಲ. ಸರಿ ಕೂತರೆ ನಿನ್ನ ದನಿ ನಿನಗೇ ಬಾವಿಯೊಳಗಿಂದ ಬಂದ ಹಾಗಿರುತ್ತದೆ. ಕೈ ತೊಳೆದುಕೊಂಡು ಹೊಸಿ, ಗುಂಡಿನ ಸೀಸ ಮೆತ್ತಿದ ಕೈಯಲ್ಲಿ ಬೇಡ.

ಮಫ್ ಹಾಕಿದರೆ ರೈಫಲ್‌ನ ಹಿಂಭಾಗಕ್ಕೆ ತಾಗುತ್ತದೆ, ಪೊಸಿಷನ್ ಕೆಡುತ್ತದೆ ಅನ್ನುತ್ತೀಯ. ತೆಳ್ಳಗಿನ ಮಫ್ ಸಿಗುತ್ತದೆ. ಚಶ್ಮಾದ ಕಡ್ಡಿ, ಜಡೆ, ಸ್ಕಾರ್ಫ್ ಇವು ಮಫ್‌ನ ದಿಂಬಿನ ಕೆಳಗೆ ಸಿಕ್ಕರೆ ಸಂದಿ ಬಿಡುತ್ತದೆ, ಸದ್ದು ಅಲ್ಲಿಂದ ನುಗ್ಗುತ್ತದೆ. ಮುಚ್ಚಿದ ರೇಂಜಿನಲ್ಲಿ ಗೋಡೆಗೆ ಬಡಿದು ಸದ್ದು ವಾಪಸ್ ಬರುತ್ತದಲ್ಲ, ಅಲ್ಲಿ ಒಳಗೆ ಪ್ಲಗ್, ಮೇಲೆ ಮಫ್, ಎರಡೂ ಬೇಕು. ಎರಡು ಹಾಕಿದರೆ ಎರಡರಷ್ಟು ರಕ್ಷಣೆ ಅಂತ ತಿಳಿಯಬೇಡ, ಚೆನ್ನಾಗಿರುವ ಒಂದಕ್ಕೆ ಮತ್ತೊಂದು 5 ಡೆಸಿಬೆಲ್‌ನಷ್ಟು ಸೇರಿಸುತ್ತದೆ. ತಲೆಬುರುಡೆಯ ಎಲುಬಿನಿಂದಲೂ ಸದ್ದು ಒಳಗೆ ಹೋಗುತ್ತದೆಯಲ್ಲ. ಇಷ್ಟು ಡೆಸಿಬೆಲ್ ತಡೆಯುತ್ತದೆ ಅಂತ ಡಬ್ಬಿಯ ಮೇಲೆ ಬರೆದ 30, 33 ಕೂಡ ಪ್ರಯೋಗಾಲಯದ ಲೆಕ್ಕ. ನಮ್ಮ ಅಡ್ಡಾದಿಡ್ಡಿ ಕೈಯಲ್ಲಿ ಅದರ ಅರ್ಧ ಸಿಕ್ಕರೂ ದೊಡ್ಡದು.

ಇಲೆಕ್ಟ್ರಾನಿಕ್ ಮಫ್ ಬೇಕು ಅಂತ ಕೇಳಿದ್ದೆ. ಮಾತು ಕೇಳಿಸುತ್ತದೆ, ಗುಂಡು ಹಾರಿದಾಗ ಮುಚ್ಚಿಕೊಳ್ಳುತ್ತದೆ, ಒಳ್ಳೆಯ ವಸ್ತುವೇ. ಆದರೆ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮದ ಮ್ಯಾಚಿನಲ್ಲಿ ಶೂಟರ್‌ಗೆ ಅದು ನಡೆಯುವುದಿಲ್ಲ. ಮ್ಯಾಚಿಗೆ ಹಾಕುವುದನ್ನೇ ಪ್ರಾಕ್ಟೀಸಿಗೂ ಹಾಕು.

ನನಗೆ ಹೆಚ್ಚು ಹೆದರಿಕೆ ಇರುವುದು ಗುಂಡು ಹೊಡೆಯುವಾಗ ಅಲ್ಲ, ಕೋಚ್ ಏನೋ ಹೇಳಿದಾಗ. ಮಫ್ ಎತ್ತಿ ‘ಹಾಂ ಸರ್?’ ಅನ್ನುತ್ತೀಯ, ಅಷ್ಟರಲ್ಲಿ ಪಕ್ಕದವನು ಟ್ರಿಗರ್ ಒತ್ತುತ್ತಾನೆ. ನನಗೆ ಹಾಗೇ ಆಗಿದ್ದು, ಡಬಲ್ ಬ್ಯಾರಲ್ ಹೊತ್ತಿಗೆ, ಮಾತು ಕೇಳಲಿಕ್ಕೆ ಅಂತ ಹತ್ತಿ ತೆಗೆದಾಗ. ಆ ದಿನದ ಗುಂಯ್ ಇನ್ನೂ ನಿಂತಿಲ್ಲ. ಮಾತಾಡಬೇಕಾದರೆ ಹಿಂದೆ ಹೊರಗೆ ಹೋಗಿ ಮಾತಾಡಿ. ನಿನ್ನ ಸರದಿ ಇಲ್ಲದೆ ಸುಮ್ನೆ ನೋಡುತ್ತ ನಿಂತಾಗಲೂ ಹಾಕಿಕೊಂಡಿರು.

ಈ ವಾರವೇ ನನಗೆ ಮಾಡಿದಂಥ ಕಿವಿಯ ಪರೀಕ್ಷೆ ಮಾಡಿಸಿ ಅದರ ಕಾಗದ, ಆಡಿಯೋಗ್ರಾಮ್, ಇಟ್ಟುಕೋ, ಮುಂದೆ ವರ್ಷಾ ವರ್ಷಾ ಅದರ ಜೊತೆ ತಾಳೆ ನೋಡಬಹುದು. ಎಂದಾದರೂ ರೇಂಜಿನಿಂದ ಬಂದ ಮೇಲೆ ಒಂದು ಕಿವಿ ಮಂಕಾದರೆ ನನ್ನ ಹಾಗೆ ನಾಳೆ ಸರಿಹೋಗುತ್ತದೆ ಅಂತ ಕೂರಬೇಡ. ಮರುದಿನವೇ ಡಾಕ್ಟರ ಹತ್ತಿರ ಹೋಗು. ಔಷಧಿ ಕೆಲಸ ಮಾಡುವುದಿದ್ದರೆ ಮೊದಲ ಕೆಲವು ದಿನಗಳಲ್ಲೇ.

ನನಗೆ ಕಿವಿಗೆ ಹಾಕುವ, ಮಾತು ಕೇಳಿಸುವ ಮಶಿನ್ ಕೊಟ್ಟಿದ್ದಾರೆ. ನಿನ್ನೆ ಹಾಕಿಕೊಂಡು ಖಡೇಬಜಾರಿಗೆ ಹೋದೆ. ಆಟೋ, ಪಾತ್ರೆ, ಮರಾಠಿ, ಕನ್ನಡ ಎಲ್ಲ ಒಟ್ಟಿಗೇ ತಲೆಯೊಳಗೆ ಬಂದು ಕೂತವು. ತೆಗೆದು ಕಿಸೆಯಲ್ಲಿಟ್ಟುಕೊಂಡೆ. ಮನೆಯಲ್ಲಿ ಪರವಾಗಿಲ್ಲ. ಕುಕ್ಕರಿನ ಸೀಟಿಯ ಮೊದಲು ಸುಯ್ ಅನ್ನುವ ಒಂದು ಸಣ್ಣ ಸದ್ದು ಇರುತ್ತದೆ ಅನ್ನುವುದೇ ನನಗೆ ಮರೆತುಹೋಗಿತ್ತು.

ಪಾರ್ಸೆಲ್ ಮಾಡಿದ್ದೇನೆ. ಮೇಲೆ ಕುಂದಾ, ಕೆಳಗೆ ತೆಳ್ಳಗಿನ ಮಫ್, ಒಂದು ಡಬ್ಬಿ ಪ್ಲಗ್. ಕುಂದಾ ರೂಮಿನವರಿಗೂ ಕೊಡು.

ಮಂಗಳವಾರ ಮತ್ತೆ ಫೋನ್ ಮಾಡು. ಪೆನ್ನು ಹಿಡಿಯುವುದಿಲ್ಲ, ಬಲಗಿವಿಗೆ ಇಟ್ಟುಕೊಳ್ಳುತ್ತೇನೆ. ಆ ಮ್ಯಾಚ್ ಹೇಗಾಯಿತು ಅಂತ ಮೊದಲಿನಿಂದ ಹೇಳು. ನೀಲಿಂಗ್‌ನಲ್ಲಿ ಕೆಟ್ಟಿತೋ, ಸ್ಟ್ಯಾಂಡಿಂಗ್‌ನಲ್ಲೋ?

ನಿನ್ನ ಅಪ್ಪ