ಹೆಸರು ತೆಗೆದರೆ ಸಾಕೇ?

ಮಾನ್ಯ ಸಂಪಾದಕರೇ,

ಹನ್ನೆರಡು ವರ್ಷ ನಾನು ಆರೋಗ್ಯ ಸಂಶೋಧನೆಗಳಲ್ಲಿ ನರ್ಸ್ ಆಗಿದ್ದೆ. ರಕ್ತ ತೆಗೆಯುವ ಮುಂಚೆ ಒಪ್ಪಿಗೆ ಪತ್ರ ಓದಿ ಹೇಳಿ, ಸಹಿ ಹಾಕಿಸಿಕೊಳ್ಳುವುದು ನನ್ನ ಕೆಲಸ. ಒಂದು ಯೋಜನೆಯ ಪತ್ರ ಹನ್ನೊಂದು ಪುಟ ಇತ್ತು. ಏಳನೇ ಪುಟದಲ್ಲಿ ಒಂದೇ ಒಂದು ಸಾಲು: ನಿಮ್ಮ ಮಾಹಿತಿಯನ್ನು ವಿದೇಶದ ಸಂಶೋಧಕರ ಜೊತೆ ಹಂಚಿಕೊಳ್ಳಬಹುದು. ಆ ಸಾಲನ್ನು ನಾನು ಬೇಗ ಓದಿ ಮುಂದೆ ಹೋಗುತ್ತಿದ್ದೆ.

ಒಂದು ದಿನ ಒಬ್ಬ ಅಜ್ಜಿ ಕೈ ಚಾಚಿಕೊಂಡೇ ಕೇಳಿದರು, "ಎಲ್ಲಿಗೆ ಹೋಗುತ್ತಮ್ಮಾ ಇದು? ಯಾರು ನೋಡ್ತಾರೆ?" "ಹೆಸರು ತೆಗೆದು ಕಳಿಸ್ತಾರೆ ಅಜ್ಜಿ, ಭಯ ಬೇಡ" ಅಂದೆ. ನನಗೆ ಗೊತ್ತಿದ್ದದ್ದೇ ಅಷ್ಟು. ಅವರು ನನ್ನನ್ನು ನಂಬಿ ಸಹಿ ಹಾಕಿದರು.

ಹೆಸರು ತೆಗೆದರೆ ಸಾಲದು ಅಂತ ತಿಳಿದದ್ದು ಆಮೇಲೆ. ಅಮೆರಿಕದ ಲಟಾನ್ಯಾ ಸ್ವೀನಿ ಎಂಬ ತಜ್ಞೆ ಅಲ್ಲಿನ 1990ರ ಜನಗಣತಿ ಇಟ್ಟುಕೊಂಡು ಲೆಕ್ಕ ಹಾಕಿದ್ದಾರೆ. ಹುಟ್ಟಿದ ತಾರೀಖು, ಗಂಡೋ ಹೆಣ್ಣೋ ಎಂಬುದು, ಅಂಚೆ ಕೋಡ್. ಈ ಮೂರು ಸಿಕ್ಕರೆ ನೂರರಲ್ಲಿ 87 ಜನ ಯಾರೆಂದು ಗುರುತು ಹಿಡಿಯಬಹುದಂತೆ. ರೋಗಿಗಳ ಹೆಸರಿಲ್ಲದ ಆಸ್ಪತ್ರೆ ದಾಖಲೆಗಳನ್ನು ಮತದಾರರ ಪಟ್ಟಿಗೆ ಹೊಂದಿಸಿ, ಒಬ್ಬ ರಾಜ್ಯಪಾಲರ ದಾಖಲೆಯನ್ನೇ ಅವರು ಹುಡುಕಿ ತೆಗೆದಿದ್ದರು. ನಾನು ತುಂಬುತ್ತಿದ್ದ ಫಾರಂನಲ್ಲೂ ಈ ಮೂರೂ ಇದ್ದವು.

ಹಾಗಂತ ಹಂಚಿಕೊಳ್ಳಲೇಬಾರದು ಅಂತ ನಾನು ಹೇಳುತ್ತಿಲ್ಲ. 2020ರ ಜನವರಿ 11ರ ಹೊತ್ತಿಗೆ ಕೊರೊನಾ ವೈರಸ್ಸಿನ ಜೀನೋಮ್, ಅಂದರೆ ಅದರ ಪೂರ್ತಿ ಆನುವಂಶಿಕ ನಕ್ಷೆ, ಎಲ್ಲ ದೇಶಗಳ ಕೈಗೂ ಸಿಕ್ಕಿತು. ಮಾರ್ಚ್ 16ಕ್ಕೆ ಮೊದಲ ಲಸಿಕೆ ಪ್ರಯೋಗದ ಚುಚ್ಚುಮದ್ದು ಮನುಷ್ಯರಿಗೆ ಬಿತ್ತು. ಮುಚ್ಚಿಟ್ಟುಕೊಂಡಿದ್ದರೆ ಎಷ್ಟು ಜೀವ ಹೋಗುತ್ತಿತ್ತೋ! ಅಪರೂಪದ ಕಾಯಿಲೆ ಇರುವ ಮಕ್ಕಳಿಗಂತೂ ಬೇರೆ ದಾರಿಯೇ ಇಲ್ಲ. ಅಂಥ ಇನ್ನೊಂದು ಮಗು ಇನ್ಯಾವುದೋ ದೇಶದಲ್ಲಿರುತ್ತದೆ ಅಲ್ವಾ?

ಆದರೆ ಕೊಟ್ಟವರಿಗೆ ತಿಳಿಸದೆ ಹಂಚಿದರೆ ನಂಬಿಕೆ ಹೋಗುತ್ತದೆ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಹವಾಸುಪೈ ಬುಡಕಟ್ಟಿನವರು 1990ರ ದಶಕದಲ್ಲಿ ರಕ್ತ ಕೊಟ್ಟದ್ದು ಸಕ್ಕರೆ ಕಾಯಿಲೆಯ ಸಂಶೋಧನೆಗೆ ಅಂದುಕೊಂಡು. ಅದೇ ರಕ್ತವನ್ನು ಮಾನಸಿಕ ಕಾಯಿಲೆಯ ಅಧ್ಯಯನಕ್ಕೂ, ಅವರ ಪೂರ್ವಜರು ಎಲ್ಲಿಂದ ಬಂದರು ಎಂದು ಹುಡುಕುವುದಕ್ಕೂ ಬಳಸಿದರು. ಜನ ಕೋರ್ಟಿಗೆ ಹೋದರು. 2010ರಲ್ಲಿ ಆ ಸಂಶೋಧನೆ ನಡೆಸಿದ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಕೊಟ್ಟು, ಉಳಿದ ರಕ್ತವನ್ನೂ ವಾಪಸ್ ಮಾಡಿತು.

ಇನ್ನೊಂದು ಮಾತು ನನ್ನನ್ನು ಜಾಸ್ತಿ ಕಾಡುತ್ತದೆ. ಯಾವಾಗ ಬೇಕಾದರೂ ಒಪ್ಪಿಗೆ ವಾಪಸ್ ಪಡೆಯಬಹುದು ಅಂತ ಪತ್ರದಲ್ಲಿ ಬರೆದಿರುತ್ತದೆ. ನಾನೂ ಹಾಗೇ ಓದಿ ಹೇಳಿದ್ದೇನೆ. ಆದರೆ ಅಷ್ಟರಲ್ಲಿ ಮಾಹಿತಿಯ ಪ್ರತಿಗಳು ನಾಲ್ಕು ದೇಶಕ್ಕೆ ಹೋಗಿದ್ದರೆ ವಾಪಸ್ ತರುವವರು ಯಾರು? ಮಾಹಿತಿ ಇದ್ದಲ್ಲೇ ಇರುವ ಪದ್ಧತಿ ಈಗ ಬಂದಿದೆ. ಹೊರಗಿನ ಸಂಶೋಧಕರು ಲೆಕ್ಕದ ಪ್ರೋಗ್ರಾಂ ಕಳಿಸುತ್ತಾರೆ, ಒಟ್ಟು ಉತ್ತರ ಮಾತ್ರ ಅವರಿಗೆ ಹೋಗುತ್ತದೆ. ಆಗುವ ಕಡೆಯೆಲ್ಲ ಅದನ್ನೇ ಮಾಡಲಿ. ಪ್ರತಿ ಕಳಿಸಲೇಬೇಕಾದರೆ ಯಾವ ದೇಶಕ್ಕೆ, ಯಾವ ಕೆಲಸಕ್ಕೆ, ಎಷ್ಟು ವರ್ಷಕ್ಕೆ ಅಂತ ಮೊದಲ ಪುಟದಲ್ಲೇ ಬರೆಯಲಿ. ಏನು ಗೊತ್ತಾಯಿತು ಅಂತ ರಕ್ತ ಕೊಟ್ಟವರಿಗೂ ಒಂದು ಕಾಗದ ಬರಲಿ. ಆ ಅಜ್ಜಿಗೆ ಅಂಥ ಕಾಗದ ನಾನಂತೂ ಒಯ್ದು ಕೊಡಲಿಲ್ಲ.

ಇವತ್ತು ಈ ಕೆಲಸದಲ್ಲಿರುವ ನರ್ಸ್‌ಗಳನ್ನು ಕೇಳಿಕೊಳ್ಳುತ್ತೇನೆ. ಆ ಸಾಲು ಬಂದಾಗ ನಿಧಾನವಾಗಿ ಓದಿ. ಎಲ್ಲಿಗೆ ಹೋಗುತ್ತೆ ಅಂತ ನಿಮಗೇ ಗೊತ್ತಿಲ್ಲದಿದ್ದರೆ ಸಹಿ ಹಾಕಿಸಬೇಡಿ. ಮೊದಲು ಯೋಜನೆಯ ಮುಖ್ಯಸ್ಥರನ್ನು ಕೇಳಿಕೊಂಡು ಬನ್ನಿ.

ಇತಿ,
ಒಬ್ಬ ನಿವೃತ್ತ ನರ್ಸ್